ಕಾಣದ ತೂಕ

ಸಿಂಗಪುರ ಜಪಾನಿನವರ ಕೈಸೇರಿತು ಎಂಬ ಸುದ್ದಿ ಬಂದ ಮೇಲೆ ಬೆಂಗಳೂರಿನ ಎಷ್ಟೋ ಮಂದಿ ಮನೆಗೆ ಬೀಗ ಹಾಕಿ ಹಳ್ಳಿಗಳ ಕಡೆ ಹೊರಟರು. ಇಂದೋ ನಾಳೆಯೋ ಬಾಂಬು ಬೀಳುತ್ತದೆ ಎಂಬ ಭಯ. ಹಾಗೆ ಹೊರಟವರಲ್ಲಿ ಒಬ್ಬರು ಕುಂದಾಣದ ಹತ್ತಿರದ ನಮ್ಮ ಹಳ್ಳಿಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಇದ್ದರು. ಅವರು ಬಾರದೆ ಹೋಗಿದ್ದರೆ ನಾನು ಏನಾಗಿರುತ್ತಿದ್ದೆ ಎಂದು ಯೋಚಿಸಿದರೆ ಕೆಟ್ಟದ್ದೇನೂ ತೋರುವುದಿಲ್ಲ. ಒಳ್ಳೆಯ ಮನೆ ಇತ್ತು, ಒಳ್ಳೆಯ ಜನ ಇದ್ದರು, ಹೊಟ್ಟೆಗೆ ಹಿಟ್ಟಿತ್ತು. ಆದರೆ ಆಕಾಶ ಇರುತ್ತಿರಲಿಲ್ಲ.

ನಾನು ಅನುಗೊಂಡನಹಳ್ಳಿ ಕಡೆಯವಳು. ಅಪ್ಪ ನನ್ನನ್ನು ಹೊಸಕೋಟೆಯ ನೆಂಟರ ಮನೆಯಲ್ಲಿಟ್ಟು ಲೋಯರ್ ಸೆಕೆಂಡರಿವರೆಗೆ ಓದಿಸಿದ್ದರು. ಆಮೇಲೆ ಮದುವೆಯಾಗಿ ಈ ಹಳ್ಳಿಗೆ ಬಂದೆ. ನನ್ನ ಯಜಮಾನರು ಲಾರಿ ಓಡಿಸುವುದನ್ನು ಕಲಿತಿದ್ದರು. ಯುದ್ಧ ಶುರುವಾದಾಗ ಪಡೆಗೆ ಸೇರಿ, ಸಾಮಾನು ಸಾಗಿಸುವ ಲಾರಿಯ ಜೊತೆ ಈಜಿಪ್ಟಿಗೆ ಹೋದರು. ನಮಗೆ ಇನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿದ್ದವರು ಅತ್ತೆ, ಮಾವ, ನಾನು, ಒಂದು ಜೊತೆ ಎತ್ತು, ಎರಡು ಹಸು.

ಮಾವ ಬೆಂಗಳೂರಿನ ಕೆಲವು ಮನೆಗಳಿಗೆ ವರ್ಷಕ್ಕಾಗುವಷ್ಟು ರಾಗಿ, ಹುರುಳಿ ಒಯ್ದು ಹಾಕುತ್ತಿದ್ದರು. ಅದರಲ್ಲಿ ಒಂದು ಮನೆಯಲ್ಲಿ ಇದ್ದವರು ಹುಡುಗಿಯರ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಅಧ್ಯಾಪಕಿ. ನಲವತ್ತರ ಹತ್ತಿರದ ವಯಸ್ಸು, ಮದುವೆ ಮಾಡಿಕೊಂಡಿರಲಿಲ್ಲ. ಉಬ್ಬಸದ ಕಾಯಿಲೆ ಇತ್ತು. ಊರು ಖಾಲಿಯಾಗುತ್ತಿದ್ದಾಗ ಅವರಿಗೆ ಹೋಗಲು ಹತ್ತಿರದ ನೆಂಟರಿಲ್ಲವೆಂದು ತಿಳಿದು, ಮಾವ "ನಮ್ಮಟ್ಟೀಲಿ ಒಂದು ಕೋಣೆ ಖಾಲಿ ಬಿದ್ದದೆ, ಬನ್ನಿ" ಎಂದು ಕರೆದುಬಿಟ್ಟರು. ಮನೆಗೆ ಬಂದು ಹೇಳಿದಾಗ ಅತ್ತೆ ಪೊರಕೆ ಕೈಗೆತ್ತಿಕೊಂಡು, "ಕರ್ದಿದ್ದಾಯ್ತಲ್ಲ, ಕೋಣೆ ಸಾರಿಸ್ತೀನಿ" ಎಂದರು.

ಅವರು ದೇವನಹಳ್ಳಿವರೆಗೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಬಂದರು. ಅಲ್ಲಿಂದ ನಮ್ಮ ಗಾಡಿ. ಇಳಿದಾಗ ಮುಖವೆಲ್ಲ ಮಸಿ, ಏದುಸಿರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಉದ್ದನೆಯ ಮರದ ಪೆಟ್ಟಿಗೆ. ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ತಬ್ಬಿಕೊಂಡು ಒಳಗೆ ತಂದರು. ಊರಿನವರು ಮೊದಲ ದಿನವೇ ಅವರಿಗೆ ಕಾಲೇಜಮ್ಮ ಎಂದು ಹೆಸರಿಟ್ಟರು. ಅದೇ ನಿಂತಿತು, ನಾನೂ ಹಾಗೆಯೇ ಕರೆದೆ.

ಮರುದಿನ ನಾನು ಕುಡಿಯುವ ನೀರು ಒಯ್ದಾಗ ಅವರು ಕೇಳಿದರು, "ನೀವು ಓದಿದೀರಂತಲ್ಲ, ನಿಮ್ಮ ಮಾವ ಹೇಳಿದ್ರು. ಲೆಕ್ಕ ಇಷ್ಟಾನಾ?"

ಹೂಂ ಎಂದು ತಲೆಯಾಡಿಸಿದೆ. ಅಲ್ಲಿಯವರೆಗೆ ನನ್ನನ್ನು 'ನೀವು' ಎಂದವರು ಯಾರೂ ಇರಲಿಲ್ಲ.

ಪೆಟ್ಟಿಗೆಯಲ್ಲಿದ್ದುದು ಹಿತ್ತಾಳೆಯ ದೂರದರ್ಶಕ, ಮೂರು ಕಾಲಿನ ಮೇಲೆ ನಿಲ್ಲಿಸುವಂಥದು. ನಮ್ಮದು ಮಾಳಿಗೆ ಮನೆ. ಮೇಲೆ ಹತ್ತಲು ಹಿತ್ತಲಲ್ಲಿ ಮಣ್ಣಿನ ಮೆಟ್ಟಿಲಿತ್ತು. ದೀಪ ಹಚ್ಚುವ ಹೊತ್ತಿಗೆ ಅವರು ನಿಧಾನವಾಗಿ ಹತ್ತಿ, ಪಡುವಣ ಆಕಾಶದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಗುರುಗ್ರಹದ ಕಡೆ ಕೊಳವೆ ತಿರುಗಿಸಿ ನನ್ನನ್ನು ನೋಡಲು ಹೇಳಿದರು. ಒಂದು ಪುಟ್ಟ ಬಿಲ್ಲೆ. ಅದರ ಎಡಕ್ಕೂ ಬಲಕ್ಕೂ ದಾರದಲ್ಲಿ ಪೋಣಿಸಿದ ಹಾಗೆ ನಾಲ್ಕು ಚುಕ್ಕೆ.

"ಅವು ಗುರುವಿನ ಚಂದ್ರರು. ನಾಳೆ ನೋಡಿ, ಜಾಗ ಬದಲಾಯಿಸಿರ್ತವೆ."

ಮರುದಿನ ಸಂಜೆ ನೋಡಿದೆ, ಬದಲಾಯಿಸಿದ್ದವು.

ಊರು ಸುಮ್ಮನಿರಲಿಲ್ಲ. ಯಾರೋ ಹೆಂಗಸು ಮಾಳಿಗೆಯ ಮೇಲೆ ಕೊಳವೆ ಇಟ್ಟುಕೊಂಡು ಜಪಾನಿನ ವಿಮಾನಕ್ಕೆ ಸನ್ನೆ ಮಾಡುತ್ತಾಳೆ ಎಂದು ಮಾತು ಹಬ್ಬಿತು. ಒಂದು ಸಾಯಂಕಾಲ ಪಟೇಲರು ದೇವನಹಳ್ಳಿಯ ಪೊಲೀಸ್ ದಫೇದಾರರನ್ನು ಕರೆದುಕೊಂಡೇ ಬಂದರು. ದಫೇದಾರರು ಸೈಕಲ್ಲು ಜಗಲಿಗೆ ಒರಗಿಸಿ, "ಆ ಯಂತ್ರ ಎಲ್ಲಿ ಮಡಗಿದೀರಿ?" ಎಂದರು.

ಮಾವ ಹೊಲದಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದರು. ತಂಬಿಗೆ ಕೆಳಗಿಟ್ಟು ಹೇಳಿದರು, "ಸ್ವಾಮಿ, ನನ್ನ ಮಗ ಅದೇ ಯುದ್ಧದಲ್ಲವ್ನೆ. ನಮ್ಮನೇಲಿ ಶತ್ರುಗೆ ಸನ್ನೆ ಮಾಡೋರಿಗೆ ಜಾಗ ಕೊಡ್ತೀನಾ? ಮ್ಯಾಲೆ ಬನ್ನಿ. ನೀವೇ ನೋಡಿ."

ಕಾಲೇಜಮ್ಮ ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಪಾಠದ ಕೋಣೆಗೆ ಬಂದ ಹೊಸ ಹುಡುಗಿಗೆ ಹೇಳುವಂತೆ, ಒಂದು ಕಣ್ಣು ಮುಚ್ಚಬೇಕು, ಕೊಳವೆ ಮುಟ್ಟಬಾರದು, ಉಸಿರು ನಿಧಾನವಾಗಿ ಬಿಡಬೇಕು ಎಂದು ದಫೇದಾರರಿಗೆ ಹೇಳಿಕೊಟ್ಟರು. ಅವರು ಪೇಟ ತೆಗೆದು ಪಟೇಲರ ಕೈಗಿತ್ತು ಬಗ್ಗಿ ನೋಡಿದರು.

"ನಾಕು ದೀಪ ಕಾಣ್ತವೆ. ಯಾವೂರಿಂದು?"

"ಗುರು ಅನ್ನೋ ಊರಿಂದು," ಎಂದರು ಕಾಲೇಜಮ್ಮ.

ದಫೇದಾರರು ಬಹಳ ಹೊತ್ತು ನೋಡಿದರು. ಪಟೇಲರೂ ನೋಡಿದರು. ಇಳಿಯುವಾಗ ದಫೇದಾರರು ಮಾವನಿಗೆ, "ಏನೂ ದೋಸ ಇಲ್ಲ ಬುಡಿ, ಬರ್ಕೊಂಡು ಹೋಯ್ತೀನಿ" ಎಂದರು. ಮುಂದಿನ ವಾರ ಮತ್ತೆ ಬಂದರು, ತನಿಖೆ ಎಂದು ಹೇಳಿಕೊಂಡು, ಜೊತೆಗೆ ತಮ್ಮ ಹೆಂಡತಿಯನ್ನು ಕರೆದುಕೊಂಡು. ಅಲ್ಲಿಂದ ಮುಂದೆ ಊರಿನಲ್ಲಿ ಮಾತು ನಿಂತಿತು. ಮಾವ ಅಂದು ಕಾಲಿನ ಮಣ್ಣೂ ಪೂರ್ತಿ ತೊಳೆಯದೆ ನಿಂತು ಆಡಿದ ಮಾತು ನನಗೆ ಈಗಲೂ ಅಕ್ಷರ ಬಿಡದೆ ನೆನಪಿದೆ.

ಸ್ವಲ್ಪ ದಿನಕ್ಕೆ ಕಾಲೇಜಮ್ಮನಿಗೆ ಉಬ್ಬಸ ಜೋರಾಯಿತು. ರಾಗಿ ಬಣವೆಯ ಧೂಳು ಹಿಡಿಸಲಿಲ್ಲವೋ ಏನೋ. ಅಲ್ಲಿಯವರೆಗೆ ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಹಾಸಿಗೆ ಹಿಡಿದ ಮೇಲೆ ಅತ್ತೆ ಮಾಡಿದ ಗಂಜಿ ಕುಡಿದರು. ಬೇರೆ ಜಾತಿಯವರು ನಮ್ಮ ಮನೆಯ ಗಂಜಿ ಕುಡಿದರು ಎಂದು ಬಾವಿಯ ಹತ್ತಿರ ನಾಲ್ಕು ಮಾತು ಬಂತು. ಅತ್ತೆ, "ಉಸ್ರು ಕಟ್ಟಿದೋರಿಗೆ ಯಾವ ಮನೆ ಗಂಜಿ ಅಂತ ಕೇಳಕಾಯ್ತದಾ?" ಎಂದು ಕೊಡ ಎತ್ತಿಕೊಂಡು ಬಂದುಬಿಟ್ಟರು.

ಮೆಟ್ಟಿಲು ಹತ್ತಲಾಗದೆ ಮಲಗಿದ್ದ ಕಾಲೇಜಮ್ಮ ಒಂದು ದಿನ ನನ್ನನ್ನು ಕರೆದು, "ನನ್ನ ಬದಲು ನೀವು ನೋಡ್ತೀರಾ? ನಾಲ್ಕು ಚುಕ್ಕೆ ಎಲ್ಲೆಲ್ಲಿ ಇವೆ, ದಿನಾ ಗುರುತು ಹಾಕಿ. ಗುರುವನ್ನ ತೂಗೋಣ" ಎಂದರು.

ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡಿರಲಿಲ್ಲ. ಹೊಲದಲ್ಲಿ ಹಕ್ಕಿ ಓಡಿಸುವ ಕವಣೆ ನನಗೆ ಗೊತ್ತಿತ್ತಲ್ಲ, ಅದನ್ನೇ ಹಿಡಿದು ಹೇಳಿದರು. ಕವಣೆಯ ಕಲ್ಲು ಜೋರಾಗಿ ತಿರುಗಿದಷ್ಟೂ ಕೈ ಬಿಗಿಯಾಗಿ ಎಳೆದು ಹಿಡಿಯಬೇಕು. ಕೈ ಸಡಿಲವಾದರೆ ಕಲ್ಲು ಹಾರಿಹೋಗುತ್ತದೆ. ಚಂದ್ರರು ಕಲ್ಲು, ಗುರು ಕೈ. ಕಲ್ಲು ಎಷ್ಟು ದೂರದಲ್ಲಿ ಎಷ್ಟು ಬೇಗ ಸುತ್ತುತ್ತದೆ ಎಂದು ತಿಳಿದರೆ ಕೈಯ ಬಲ ತಿಳಿಯುತ್ತದೆ; ಬಲ ತಿಳಿದರೆ ಗುರುವಿನ ತೂಕ ತಿಳಿಯುತ್ತದೆ. ತಕ್ಕಡಿ ಬೇಡ, ಅಲ್ಲಿಗೆ ಹೋಗುವುದೂ ಬೇಡ.

ದಿನಾ ಸಂಜೆ ಹಸುವಿನ ಹಾಲು ಕರೆದು, ಒಲೆಗೆ ಎಸರಿಟ್ಟು, ಮಾಳಿಗೆ ಹತ್ತಿದೆ. ಕಾಗದ ಸಿಗದ ಕಾಲ. ಮಾಳಿಗೆಯ ಮೋಟುಗೋಡೆಯ ಮೇಲೆ ಇದ್ದಿಲಿನಿಂದ ನಡುವೆ ಒಂದು ಸೊನ್ನೆ, ಅಕ್ಕಪಕ್ಕ ಚುಕ್ಕೆ; ಒಂದು ಸಂಜೆಗೆ ಒಂದು ಸಾಲು, ಅದರ ಕೆಳಗೆ ಮರುದಿನದ್ದು. ಕೆಲವು ಸಂಜೆ ಮೋಡ. ಕೆಲವು ಸಂಜೆ ಒಂದು ಚುಕ್ಕೆ ಕಾಣೆಯಾಗಿ, ಗುರುವಿನ ಹಿಂದೆ ಹೋಗಿದೆ ಎಂದು ಕಾಲೇಜಮ್ಮ ಹೇಳಿದ ಮೇಲೆ ಸಮಾಧಾನ. ಸಾಲುಗಳು ಬೆಳೆದಂತೆ, ಎಲ್ಲಕ್ಕಿಂತ ದೂರದ ಚುಕ್ಕೆ ಎಡಕ್ಕೆ ಹೋಗಿ ಬಲಕ್ಕೆ ಬರುವುದು ಹಾವಿನ ನಡೆಯಂತೆ ಗೋಡೆಯ ಮೇಲೆ ಕಾಣತೊಡಗಿತು.

ಯುಗಾದಿ ಹತ್ತಿರ ಬಂತು. ಮನೆಗೆ ಸುಣ್ಣ ಬಳಿಯುವ ದಿನ ನಾನು ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದೆ. ದಾರಿಯಲ್ಲಿ ನೆನಪಾಯಿತು. ಮಾಳಿಗೆಯ ಗೋಡೆಗೂ ಸುಣ್ಣ ಬಳಿಯುತ್ತಾರೆ. ಓಡಿ ಬಂದು ಮೇಲೆ ಹತ್ತಿದರೆ, ಗೋಡೆಯೆಲ್ಲ ಬೆಳ್ಳಗಾಗಿದೆ, ನನ್ನ ಸಾಲುಗಳಿದ್ದಷ್ಟು ಜಾಗ ಮಾತ್ರ ಹಾಗೆಯೇ ಇದೆ. ಅತ್ತೆ ಸುಣ್ಣದ ಗಡಿಗೆ ಪಕ್ಕದಲ್ಲಿಟ್ಟು ಕೂತು ಅದನ್ನೇ ನೋಡುತ್ತಿದ್ದರು.

"ಇದೇನವ್ವ ಇದು, ರಂಗೋಲೇನಾ?"

ನಾನು ಹೇಳಿದೆ. ಕವಣೆಯಿಂದ ಹಿಡಿದು ಗುರುವಿನವರೆಗೆ, ನನಗೆ ತಿಳಿದಷ್ಟು. ಅತ್ತೆ ಎಲ್ಲ ಕೇಳಿ, "ಹಬ್ಬಕ್ಕೆ ಬಂದೋರು ಯಾರಾರ ಒರಗಿ ಅಳಿಸ್ಬುಟ್ಟಾರು. ಒಂದು ಗೋಣಿ ತಟ್ಟು ಇಳಿ ಬುಡು" ಎಂದರು.

ಹಬ್ಬ ಕಳೆದು ಕಾಲೇಜಮ್ಮ ಎದ್ದು ಓಡಾಡುವಂತಾದ ಮೇಲೆ ನಾವಿಬ್ಬರೂ ಲೆಕ್ಕಕ್ಕೆ ಕೂತೆವು. ಹೊಸಕೋಟೆಯಲ್ಲಿ ಕಲಿತದ್ದು ಸಾಲದು. ವರ್ಗ, ಘನ, ಪ್ರಮಾಣ ಎಲ್ಲ ಹೊಸದಾಗಿ ಕಲಿಸಿದರು. ನಮ್ಮ ಭೂಮಿಯ ಸುತ್ತ ನಮ್ಮ ಚಂದ್ರ ಸುತ್ತುವುದಕ್ಕೆ ಹೋಲಿಸಿ ಗುಣಿಸಿ ಭಾಗಿಸಿದಾಗ, ಗುರುವಿನ ತೂಕಕ್ಕೆ ನಮ್ಮಂಥ ಭೂಮಿಗಳು ನೂರಾರು ಬೇಕು ಎಂದು ಬಂತು. ಪುಸ್ತಕದಲ್ಲಿದ್ದುದಕ್ಕಿಂತ ನನ್ನದು ಸ್ವಲ್ಪ ಕಡಿಮೆ.

"ಎಲ್ಲೋ ಒಂದೆರಡು ಸಂಜೆ ಗುರುತು ಜರುಗಿದೆ. ಪರವಾಗಿಲ್ಲ," ಎಂದರು. "ತೂಗಿದ್ದು ನೀವೇ, ಅಲ್ವಾ?"

ಸ್ಲೇಟು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಮುದ್ದೆಗೆ ಹಿಟ್ಟು ಹಾಕುವುದು ತಡವಾಯಿತು. ಅಂದು ಯಾರೂ ಏನೂ ಅನ್ನಲಿಲ್ಲ.

ಕಾಣದ ತೂಕದ ಮಾತು ಬಂದದ್ದು ಆಮೇಲೆ. ಬೇಸಿಗೆ ಸೆಕೆಗೆ ನಾವೆಲ್ಲ ಮಾಳಿಗೆಯ ಮೇಲೆಯೇ ಊಟ ಮಾಡುತ್ತಿದ್ದ ದಿನಗಳು. ಊಟ ಮುಗಿದ ಮೇಲೆ ಮಾವ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಕಾಲೇಜಮ್ಮ ಮೂಡಣ ಆಕಾಶದಲ್ಲಿ ಉತ್ತರೆ ನಕ್ಷತ್ರವನ್ನು ತೋರಿಸಿದರು. ಮಾವನಿಗೆ ಉತ್ತರೆ ಎಂದರೆ ಮಳೆ. ಅದು ಕಣ್ಣಿಗೆ ಕಾಣುವ ಚುಕ್ಕೆ ಕೂಡ ಎಂದು ಅಂದು ತಿಳಿದು ಅವರು ಕತ್ತೆತ್ತಿ ನೋಡುತ್ತಲೇ ಇದ್ದರು.

"ಅದರ ಪಕ್ಕ, ಸ್ವಲ್ಪ ಉತ್ತರಕ್ಕೆ ನೋಡಿ," ಎಂದು ಕೊಳವೆ ತಿರುಗಿಸಿ ನನ್ನನ್ನು ಕರೆದರು. ನೋಡಿದೆ. ಒಂದೆರಡು ಮಂಕು ಚುಕ್ಕೆ, ಉಳಿದದ್ದು ಕಪ್ಪು.

"ಏನೂ ಇಲ್ಲ," ಎಂದೆ.

"ಅಲ್ಲಿ ಸಾವಿರಾರು ನಕ್ಷತ್ರಲೋಕಗಳಿವೆ. ಒಂದೊಂದರಲ್ಲೂ ಕೋಟಿ ಕೋಟಿ ಸೂರ್ಯರು. ತುಂಬ ದೂರ, ನಮ್ಮ ಕೊಳವೆಗೆ ಸಿಗಲ್ಲ. ದೊಡ್ಡ ದೂರದರ್ಶಕದಲ್ಲಿ ಫೋಟೋ ತೆಗೆದಿದಾರೆ." ಅವರು ಮೋಟುಗೋಡೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡರು. "ನೀವು ಗುರುವನ್ನ ತೂಗಿದ ಹಾಗೇ, ಬೇರೆ ದೇಶದಲ್ಲಿ ಒಬ್ಬರು ಆ ಇಡೀ ಗುಂಪನ್ನ ತೂಗಿದರು. ಹತ್ತು ವರ್ಷವಾಗ್ತಾ ಬಂತು. ಆ ಲೋಕಗಳು ಎಷ್ಟು ಜೋರಾಗಿ ಓಡ್ತಿವೆ ಅಂದ್ರೆ, ಕಣ್ಣಿಗೆ ಕಾಣೋ ನಕ್ಷತ್ರಗಳ ತೂಕ ಅವನ್ನ ಹಿಡಿದಿಡೋಕೆ ಏನೇನೂ ಸಾಲದು. ಯಾವತ್ತೋ ಚೆದುರಿ ಹೋಗ್ಬೇಕಿತ್ತು. ಹೋಗಿಲ್ಲ."

"ಅಂದ್ರೆ ಯಾವ್ದೋ ಕೈ ಹಿಡ್ಕಂಡದೆ," ಎಂದರು ಮಾವ.

"ಹೌದು. ಆ ಕೈ ಕಾಣ್ತಿಲ್ಲ. ಬೆಳಕು ಬಿಡಲ್ಲ, ಆದ್ರೆ ತೂಕ ಇದೆ. ಕಾಣೋದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರು ಅದಕ್ಕೆ ಕತ್ತಲ ದ್ರವ್ಯ ಅಂತ ಹೆಸರಿಟ್ಟಿದಾರೆ. ಹೆಚ್ಚು ಜನ ನಂಬಿಲ್ಲ, ಲೆಕ್ಕ ತಪ್ಪಿರಬೇಕು ಅಂತಾರೆ."

"ಅದು ಏನು, ಹಂಗಾದ್ರೆ?" ಎಂದೆ ನಾನು.

"ಗೊತ್ತಿಲ್ಲ," ಎಂದರು ಕಾಲೇಜಮ್ಮ. "ಯಾರಿಗೂ ಗೊತ್ತಿಲ್ಲ."

ಹೇಳುವಾಗ ಅವರ ಮುಖ ಅರಳಿತ್ತು. ಓದಿದವರು ಗೊತ್ತಿಲ್ಲ ಎನ್ನುವುದನ್ನು ನಾನು ಕೇಳಿದ್ದು ಅದೇ ಮೊದಲು. ಹೊಸಕೋಟೆಯ ಮೇಷ್ಟ್ರುಗಳು ಗೊತ್ತಿಲ್ಲದ್ದನ್ನು ಕೇಳಿದರೆ ಬೆತ್ತ ತೆಗೆಯುತ್ತಿದ್ದರು. ಇವರು ಅದನ್ನು ಹಬ್ಬದ ಅಡಿಗೆ ಬಡಿಸುವಂತೆ ನಮ್ಮ ಮುಂದೆ ಇಟ್ಟರು.

ಅತ್ತೆ ತಟ್ಟೆ ಜೋಡಿಸುತ್ತ, "ಕಾಣ್ದಲೆ ಎಲ್ಲಾನೂ ಹಿಡ್ಕಂಡಿರೋದು ಅಂದ್ರೆ ದ್ಯಾವ್ರೇ ಇರ್ಬೇಕಲ್ವಾ?" ಎಂದರು.

ಕಾಲೇಜಮ್ಮ ನಗಲಿಲ್ಲ. "ಇರಬಹುದಮ್ಮ. ಆದ್ರೂ ನಾನು ತೂಗಲೇಬೇಕಲ್ಲ, ನನ್ನ ಕೆಲಸ ಅದು."

"ತೂಗಿ, ತೂಗಿ," ಎಂದರು ಅತ್ತೆ. "ಅವ್ನೇನೂ ಬ್ಯಾಸರ ಮಾಡ್ಕಳಲ್ಲ."

ಆ ಬೇಸಿಗೆಯ ಕೊನೆಗೆ ಯಜಮಾನರಿಂದ ಸುದ್ದಿ ನಿಂತುಹೋಯಿತು. ತಿಂಗಳಿಗೊಮ್ಮೆ ಬರುತ್ತಿದ್ದ ಕಾರ್ಡು ಬರಲಿಲ್ಲ. ಮರುಭೂಮಿಯಲ್ಲಿ ದೊಡ್ಡ ಹೋರಾಟ ನಡೆದಿದೆ ಎಂದು ಪೇಟೆಯಿಂದ ಬಂದವರು ಹೇಳುತ್ತಿದ್ದರು. ಮಾವ ದಿನ ಬಿಟ್ಟು ದಿನ ದೇವನಹಳ್ಳಿಯ ಅಂಚೆ ಕಚೇರಿಗೆ ನಡೆದು ಹೋಗಿ ಬರಿಗೈಲಿ ಬರುತ್ತಿದ್ದರು. ಅತ್ತೆ ಊಟ ಕಡಿಮೆ ಮಾಡಿದರು. ನಾನು ಹಗಲೆಲ್ಲ ಕೆಲಸ ಹುಡುಕಿಕೊಂಡು ಮಾಡಿದೆ.

ಕಾಲೇಜಮ್ಮ ನನಗೆ ಸಮಾಧಾನದ ಮಾತು ಹೇಳಲಿಲ್ಲ. ಕಾಣದಿದ್ದರೂ ಇದ್ದಾರೆ ಎಂದೇನಾದರೂ ಹೇಳಿದ್ದರೆ ನಾನು ಆ ಕೊಳವೆಯನ್ನೇ ದ್ವೇಷಿಸುತ್ತಿದ್ದೆನೇನೋ. ಅವರು ದಿನಾ ಮಧ್ಯಾಹ್ನ ನನ್ನ ಪಕ್ಕ ಕೂತು ಹುಣಸೆಬೀಜ ಬಿಡಿಸಿದರು, ರಾಗಿ ಕೇರಲು ಬಾರದಿದ್ದರೂ ಮೊರ ಹಿಡಿದರು, ಧೂಳಿಗೆ ಕೆಮ್ಮಿದರು, ಆದರೂ ಎದ್ದು ಹೋಗಲಿಲ್ಲ. ಆಷಾಢದಲ್ಲಿ ಕಾರ್ಡು ಬಂತು. ಲಾರಿ ಮಗುಚಿ ಕಾಲು ಮುರಿದು ಆಸ್ಪತ್ರೆಯಲ್ಲಿದ್ದೇನೆ, ಜೀವಕ್ಕೆ ಏನೂ ಇಲ್ಲ ಎಂದಿತ್ತು. ಅತ್ತೆ ಕಾಲೇಜಮ್ಮನನ್ನು ತಬ್ಬಿಕೊಂಡು ಅತ್ತರು. ನನ್ನನ್ನಲ್ಲ, ಅವರನ್ನು. ಹತ್ತಿರ ನಿಂತಿದ್ದವರು ಅವರೇ.

ಮರುವರ್ಷ ಬಾಂಬಿನ ಭಯ ಇಳಿದು ಕಾಲೇಜಮ್ಮ ಬೆಂಗಳೂರಿಗೆ ಹೊರಡುವಂತಾಯಿತು. ಹೊರಡುವ ಮುಂಚೆ ಮಾವನ ಮುಂದೆ ಕೂತು ನೇರವಾಗಿ ಕೇಳಿದರು. "ನಿಮ್ಮ ಸೊಸೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕಟ್ಟಲಿ. ಮನೆಯಲ್ಲೇ ಓದಲಿ, ಹದಿನೈದು ದಿನಕ್ಕೊಂದು ಸಲ ನನ್ನ ಹತ್ತಿರ ಬಂದು ಪಾಠ ಹೇಳಿಸಿಕೊಳ್ಳಲಿ. ಪಾಸಾದರೆ ಟೀಚರ್ ಆಗಬಹುದು."

ಮಾವ ಕಂಬಕ್ಕೆ ಒರಗಿದರು. "ಮಗ ಊರಲ್ಲಿಲ್ಲ. ಅವನ್ನ ಕೇಳ್ದೆ ಹೆಂಗವ್ವ ಕಳಿಸ್ಲಿ? ಜನ ಏನಂದಾರು?"

ಒಲೆಯ ಹತ್ತಿರದಿಂದ ಅತ್ತೆ ಹೇಳಿದರು, "ಯುದ್ದಕ್ಕೆ ಹೋಗ್ವಾಗ ಅವ್ನು ನಮ್ಮನ್ನ ಕೇಳ್ದ್ನಾ? ದನ ನಾನು ನೋಡ್ಕತೀನಿ. ಇವ್ಳು ಹೋಗ್ಬರ್ಲಿ."

ಮಾವ ತಲೆ ಕೆರೆದುಕೊಂಡರು. ಆಮೇಲೆ, "ರೈಲಿಗೆ ಬಿಡಕೆ ನಾನೇ ಬತ್ತೀನಿ" ಎಂದರು. ಬಂದರು ಕೂಡ. ಎರಡು ವರ್ಷ, ಮಳೆ ಇರಲಿ ಬಿಸಿಲಿರಲಿ, ದೇವನಹಳ್ಳಿಯ ಸಣ್ಣ ರೈಲಿಗೆ ನನ್ನನ್ನು ಹತ್ತಿಸಿ, ಸಾಯಂಕಾಲ ಅದೇ ಪ್ಲಾಟ್‌ಫಾರಮ್ಮಿನ ಬೇವಿನ ಮರದಡಿ ಕಾದಿರುತ್ತಿದ್ದರು.

ಪಾಸಾದೆ. ತರಬೇತಿ ಮುಗಿಸಿ ದೇವನಹಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಯುದ್ಧ ಮುಗಿದ ಮರುವರ್ಷ ಒಂದು ಮಧ್ಯಾಹ್ನ ಭಿನ್ನರಾಶಿ ಕಲಿಸುತ್ತಿದ್ದೆ. ಹುಡುಗಿಯರೆಲ್ಲ ಬಾಗಿಲ ಕಡೆ ನೋಡತೊಡಗಿದರು. ಖಾಕಿ ಬಟ್ಟೆಯ ಒಬ್ಬರು, ಒಂದು ಕಾಲು ಸ್ವಲ್ಪ ಎಳೆಯುತ್ತ, ಜಗಲಿಯ ಮೇಲೆ ಬಂದು ನಿಂತಿದ್ದರು. ಮನೆಗೆ ಹೋಗುವ ಮುಂಚೆ ಇಲ್ಲಿಗೆ ಬಂದಿದ್ದರು. ನಾನು ಸೀಮೆಸುಣ್ಣದ ಕಡ್ಡಿ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅವರು ಕೈಸನ್ನೆ ಮಾಡಿ, "ಪಾಠ ಮುಗ್ಸು, ಕಾಯ್ತೀನಿ" ಎಂದು ಟ್ರಂಕಿನ ಮೇಲೆ ಕೂತರು. ಗಂಟೆ ಹೊಡೆಯುವವರೆಗೂ ಕೂತಿದ್ದರು. ಆ ದಿನ ಹೇಳಿಕೊಟ್ಟ ಭಿನ್ನರಾಶಿ ಯಾವ ಹುಡುಗಿಗೂ ಅರ್ಥವಾಗಿರಲಾರದು.

ಬಹಳ ವರ್ಷಗಳ ಮೇಲೆ, ನಾನು ನಿವೃತ್ತಳಾದ ಬಳಿಕ, ಭಾನುವಾರದ ಪತ್ರಿಕೆಯಲ್ಲಿ ವಿಶ್ವದ ಹೆಚ್ಚಿನ ಪಾಲು ಕಾಣದ ದ್ರವ್ಯವೇ ಎಂದು ವಿಜ್ಞಾನಿಗಳು ಒಪ್ಪುತ್ತಿದ್ದಾರೆಂದು ಓದಿದೆ. ಅದು ಏನೆಂದು ಇನ್ನೂ ತಿಳಿದಿಲ್ಲ ಎಂದೂ ಬರೆದಿತ್ತು. ಕಾಲೇಜಮ್ಮ ಆಗ ಇರಲಿಲ್ಲ. ಪತ್ರಿಕೆ ಓದಿ ಯಾರಿಗಾದರೂ ಹೇಳಬೇಕೆನ್ನಿಸಿ ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಆವಮ್ಮ ಅಷ್ಟು ಮುಂಚೇನೇ ಹೇಳಿದ್ರಾ?" ಎಂದರು. ಕಾಲೇಜಮ್ಮ ತಾವೇ ಕಂಡುಹಿಡಿದದ್ದಲ್ಲ, ಓದಿ ತಿಳಿದು ನಮಗೆ ಹೇಳಿದ್ದು. ಅಷ್ಟನ್ನು ಹೇಳಲು ನಮ್ಮ ಮಾಳಿಗೆಯನ್ನು ಆರಿಸಿಕೊಂಡರಲ್ಲ, ಅದೇ ನನಗೆ ದೊಡ್ಡದು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಸ್ವಾತಂತ್ರ್ಯ ಬಂದ ಮರುವರ್ಷದ ಒಂದು ದಿನ. ಅತ್ತೆ ಬೆಂಗಳೂರು ನೋಡಿರಲಿಲ್ಲ. ಹಿತ್ತಲಿನ ಗಿಡದ ಚಕ್ಕೋತ ಒಂದು ಚೀಲ ತುಂಬಿಕೊಂಡು ನನ್ನ ಜೊತೆ ಹೊರಟರು. ನಾವು ಹೋದಾಗ ಕಾಲೇಜಮ್ಮ ಪ್ರಯೋಗಶಾಲೆಯಲ್ಲಿದ್ದರು. ಅತ್ತೆಯನ್ನು ಕಂಡು ಕೆಲಸ ಬಿಟ್ಟು ಬಂದು, ಕೈ ಹಿಡಿದು ಒಳಗೆ ಕರೆದೊಯ್ದು ತಮ್ಮ ಕುರ್ಚಿಯಲ್ಲಿ ಕೂಡಿಸಿದರು. ಹುಡುಗಿಯರೆಲ್ಲ ಎದ್ದು ನಿಂತರು.

"ನನಗೆ ಉಸಿರು ಕಟ್ಟಿದಾಗ ನೋಡಿಕೊಂಡವರು ಇವರು," ಎಂದು ಅವರಿಗೆ ಹೇಳಿದರು. "ಇವರ ಸೊಸೆ ನನ್ನ ವಿದ್ಯಾರ್ಥಿನಿ."

ಅತ್ತೆ ಗಾಜಿನ ಕೊಳವೆ, ತಂತಿ, ಮಿಣುಕು ದೀಪಗಳನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಚೀಲ ಬಿಚ್ಚಿ, ಪ್ರಯೋಗದ ಮೇಜಿನ ಮೇಲೆಯೇ ಚಕ್ಕೋತ ಇಟ್ಟು, ಸಿಪ್ಪೆ ಸುಲಿದು, ಒಬ್ಬೊಬ್ಬ ಹುಡುಗಿಯನ್ನೂ ಕರೆದು ತೊಳೆ ಕೊಟ್ಟರು. ಕಾಲೇಜಮ್ಮ ಬೇಡವೆನ್ನಲಿಲ್ಲ, ಅವರೂ ನಿಂತುಕೊಂಡೇ ತಿಂದರು. ನಾನು ಕಿಟಕಿಯ ಹತ್ತಿರ ನಿಂತು ಆ ಇಬ್ಬರನ್ನೂ ನೋಡುತ್ತಿದ್ದೆ. ನನ್ನ ಕೈತುಂಬ ಚಕ್ಕೋತದ ರಸ, ಒರೆಸಿಕೊಳ್ಳಲು ಸೆರಗೂ ನೆನಪಾಗಲಿಲ್ಲ.